ದೇವರ ಮನೆಯ ರೂಟರು

ನಮ್ಮ ಮನೆಯಲ್ಲಿ ಇಂಟರ್ನೆಟ್ಟು ಇದ್ದದ್ದು ದೇವರ ಮನೆಯಲ್ಲಿ. ಯಾರಿಗೆ ಹೇಳಿದರೂ ನಗುತ್ತಾರೆ, ನಗಲಿ ಬಿಡಿ. ಶೀಳನೆರೆಯ ನಮ್ಮ ಮನೆಗೆ ಫೋನಿನ ತಂತಿ ಹಿತ್ತಲಿನ ತೆಂಗಿನ ಮರದಿಂದ ಇಳಿದು, ದೇವರ ಮನೆಯ ಕಿಟಕಿ ಸಂದಿಯಲ್ಲಿ ಒಳಗೆ ಬಂದಿತ್ತು. ಚಿಕ್ಕಪ್ಪ ಊರಲ್ಲಿ ಪಹಣಿ, ಹಾಲ್ ಟಿಕೆಟ್ಟು ಪ್ರಿಂಟು ತೆಗೆದುಕೊಡುವ ಅಂಗಡಿ ಇಡುತ್ತೇನೆಂದು ಕಂಪ್ಯೂಟರು ತಂದ, ಬ್ರಾಡ್‌ಬ್ಯಾಂಡು ಹಾಕಿಸಿದ. ಅಂಗಡಿಗೆ ಬೋರ್ಡು ಬರೆಸುವ ಮೊದಲೇ ಕಂಡಕ್ಟರ್ ಕೆಲಸ ಸಿಕ್ಕಿ ದೂರದ ಡಿಪೋಗೆ ಹೊರಟುಹೋದ. ಕಂಪ್ಯೂಟರು ನಡುಮನೆಯಲ್ಲಿ ರಾಗಿ ಮೂಟೆಗಳ ಪಕ್ಕ ಉಳಿಯಿತು. ರೂಟರು ಮಾತ್ರ ಲೈನ್‌ಮನ್ ನೇತುಹಾಕಿದಲ್ಲೇ, ಮಾದಪ್ಪನ ಪಟದ ಕೆಳಗಿನ ಮೊಳೆಯಲ್ಲಿ, ವೈರು ಸಿಕ್ಕಿಸುವ ಬೆನ್ನು ಮೇಲಕ್ಕೆ, ಹಸಿರು ದೀಪಗಳ ಸಾಲು ಕೆಳಕ್ಕೆ ಮಾಡಿಕೊಂಡು ತೂಗುತ್ತಿತ್ತು. ಅಲ್ಲಿಂದ ಒಂದು ಹಳದಿ ಕೇಬಲ್ಲು ಹೊಸಿಲು ದಾಟಿ, ಗೋಡೆಯಂಚಿನಲ್ಲಿ ಹರಿದು ಕಂಪ್ಯೂಟರಿಗೆ ಸೇರುತ್ತಿತ್ತು. ದೇವರ ಮನೆಯಲ್ಲಿ ಅದೇನು ಕರಿಡಬ್ಬಿ ಎಂದು ಯಾರಾದರೂ ಕೇಳಿದರೆ ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು.

"ಎಣ್ಣೆ ಬತ್ತಿ ಇಲ್ದೆ ಉರಿಯೋ ದೀಪ ಕಣವ್ವ. ಅಂಗೆಲ್ಲ ಹಗುರಾಗಿ ಮಾತಾಡ್ಬ್ಯಾಡ."

ಅಜ್ಜಿ ಅಂದರೆ ಅಪ್ಪನ ತಾಯಿ, ನಿಂಗಮ್ಮ. ಕಿವಿ ಕೇಳುತ್ತಿರಲಿಲ್ಲ. ನಾನು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಯಾವುದೋ ಜ್ವರದಲ್ಲಿ ಕಿವಿ ಹೋಗಿತ್ತಂತೆ. ಅವಳ ಹತ್ತಿರ ಕೂಗಾಡಿ ಪ್ರಯೋಜನವಿರಲಿಲ್ಲ. ಎದುರಿಗೆ ಹೋಗಿ ಮುಖ ಕೊಟ್ಟು, ಬಾಯಿ ಬಿಟ್ಟು ಮಾತಾಡಿದರೆ ಸಾಕು, ದನಿ ಬೇಕಾಗಿರಲಿಲ್ಲ. ಬೀದಿಯ ಆ ಬದಿಯಲ್ಲಿ ಇಬ್ಬರು ಹೆಂಗಸರು ಪಿಸಪಿಸ ಅನ್ನುತ್ತಿದ್ದರೆ ಜಗಲಿಯ ಮೇಲೆ ಕೂತ ಅಜ್ಜಿ ಅವರ ತುಟಿ ನೋಡಿಕೊಂಡೇ ಪೂರ್ತಿ ಸಮಾಚಾರ ಒಳಗೆ ತರುತ್ತಿದ್ದಳು. ಅವಳು ಮಾತಾಡಿದರೋ, ತನ್ನ ದನಿ ತನಗೇ ಕೇಳದ್ದರಿಂದ, ಸಾರಿಗೆ ಉಪ್ಪು ಸಾಕಾ ಎಂದು ಕೇಳಿದ್ದು ಕೆರೆ ಏರಿಯವರೆಗೆ ಹೋಗುತ್ತಿತ್ತು. ಅಪ್ಪ ಅವಳಿಗೆ ತದ್ವಿರುದ್ಧ. ಊರಿನ ಹಾಲಿನ ಡೈರಿಗೆ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಹಾಲು ಅಳೆಸುವುದು, ನಡುವೆ ಹೊಲ, ಉಂಡು ಮಲಗುವುದು. ಡೈರಿಯ ಒಂದು ಪೆನ್ನು ಕೂಡ ಮನೆಗೆ ತರುತ್ತಿರಲಿಲ್ಲ. ಒಮ್ಮೆ ನಾನು ಅವನ ಜೇಬಿನಿಂದ ಡೈರಿಯ ರಬ್ಬರ್ ಬ್ಯಾಂಡು ತೆಗೆದು ಜಡೆಗೆ ಹಾಕಿಕೊಂಡಿದ್ದಕ್ಕೆ ಅದನ್ನು ಬಿಚ್ಚಿಸಿಕೊಂಡು ವಾಪಸು ಇಟ್ಟು ಬಂದ ಮನುಷ್ಯ. ಊಟಕ್ಕೆ ಕೂತರೆ ಮುದ್ದೆ ಮುರಿಯುವ ಸದ್ದು, ಬಸ್ಸಾರು ಸುರಿಯುವ ಸದ್ದು, ಅಜ್ಜಿಯ ಕಿರುಚು. ನಾನು ಬೆಳೆದದ್ದು ಹೀಗೆ, ಒಬ್ಬರಿಗೆ ಕೇಳದ, ಇನ್ನೊಬ್ಬರು ಆಡದ ಮನೆಯಲ್ಲಿ.

ಅವ್ವ ಇರಲಿಲ್ಲ. ನನಗೆ ಎರಡು ತುಂಬುವ ಮೊದಲೇ ನಾಗಮಂಗಲದ ಕಡೆಯ ತವರಿಗೆ ಹಬ್ಬಕ್ಕೆಂದು ಹೋದವಳು ಕಾಮಾಲೆಯಾಗಿ ಅಲ್ಲೇ ಸತ್ತಳು. ನಮ್ಮ ಮನೆಯವರ ಮಾತು ಹೀಗೆ: ಅವಳ ಅಣ್ಣ, ಅಂದರೆ ನನ್ನ ಮಾವ, ಸೊಪ್ಪಿನ ಔಷಧಿ ಕುಡಿಸಿಕೊಂಡು ಐದು ದಿನ ಕಳೆದ, ಆಸ್ಪತ್ರೆಗೆ ಸೇರಿಸಲಿಲ್ಲ, ನಮಗೆ ಹೇಳಲೂ ಇಲ್ಲ. ಮಾವನ ಮನೆಯವರ ಮಾತು ಬೇರೆ: ಬಸ್ಸಿಳಿಯುವಾಗಲೇ ಅವಳ ಕಣ್ಣು ಹಳದಿಯಾಗಿತ್ತು, ಅದನ್ನು ನೋಡುವ ಪುರುಸೊತ್ತು ಗಂಡನ ಮನೆಯಲ್ಲಿ ಯಾರಿಗೂ ಇರಲಿಲ್ಲ. ತಿಥಿಯ ದಿನವೇ ಎರಡು ಮನೆಯ ಮಾತು ಮುರಿಯಿತು. ಆಮೇಲೆ ನಮ್ಮಲ್ಲಿ ಅವ್ವನ ಹೆಸರೇ ಯಾರ ಬಾಯಲ್ಲೂ ಬರಲಿಲ್ಲ. ನಡುಮನೆಯ ಗೋಡೆಯಲ್ಲಿ ಒಂದು ಫೋಟೊ ಇತ್ತು, ಸ್ಟುಡಿಯೋದವನು ಬಣ್ಣ ತುಂಬಿ ಎಲ್ಲ ಹೆಂಗಸರ ಹಾಗೆ ಮಾಡಿಟ್ಟದ್ದು. ಅವಳು ನನ್ನನ್ನು ಏನೆಂದು ಕರೆಯುತ್ತಿದ್ದಳು, ದನಿ ದಪ್ಪವೋ ಸಣ್ಣವೋ, ಏನೂ ಗೊತ್ತಿಲ್ಲ. ಸ್ಕೂಲಿನಲ್ಲಿ ಬೇರೆ ಮಕ್ಕಳು ಗೇಟಿನ ಹೊರಗಿನಿಂದ ತಾಯಿ ಕೂಗಿದ ತಕ್ಷಣ ತಿರುಗಿಯೂ ನೋಡದೆ ಓಡುತ್ತಿದ್ದರು. ಅದನ್ನು ಕಂಡರೆ ನನಗೆ ಎಲ್ಲಿಲ್ಲದ ಹೊಟ್ಟೆಕಿಚ್ಚು.

ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಮಾವನ ಮಗಳು ಶೋಭಕ್ಕ ಫೋನು ಮಾಡಿದಳು. ಅವಳು ನಾಗಮಂಗಲದಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅವರ ಅಟ್ಟದಲ್ಲಿ ಬೂಷ್ಟು ಹಿಡಿದು ಬಿದ್ದಿದ್ದ ವಿಡಿಯೊ ಕ್ಯಾಸೆಟ್ಟು ಸಿಕ್ಕಿತ್ತು. ಅವ್ವನ ಸೀಮಂತದ್ದು. ಹೊಟ್ಟೆಯಲ್ಲಿದ್ದದ್ದು ನಾನೇ. ಅಂಗಡಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿದ್ದಳು. ಇಳಿಸಿ ಮುಗಿಯುವ ಹೊತ್ತಿಗೆ ಟೇಪು ಮೆಷಿನ್ನಿಗೆ ಸಿಕ್ಕಿ ಪೀಸುಪೀಸಾಗಿತ್ತು. ಒಂದು ಸೀಡಿಗೆ ಬರೆದು ಮಾವನಿಗೆ ಕೊಟ್ಟಳು, ಇನ್ನೊಂದನ್ನು ಸಂತೆಬಾಚಹಳ್ಳಿ ಸಂತೆಗೆ ಬರುವ ಬಳೆಗಾರ್ತಿಯ ಕೈಲಿ ನನಗೆ ಕಳಿಸಿದಳು. ಬಳೆಗಾರ್ತಿ ಅದನ್ನು ನೇರ ಅಪ್ಪನ ಕೈಗೆ ಕೊಟ್ಟಳು, ಮನೆಯ ಯಜಮಾನ ಅಲ್ಲವೇ! ಕವರಿನ ಮೇಲೆ ಬರೆದಿದ್ದ ಶೋಭಕ್ಕನ ಹೆಸರು ಓದಿ ಅಪ್ಪ ಜಗಲಿಯ ಮೇಲೆ ನಿಂತೇ, ಮೊಣಕಾಲಿಗೆ ಒತ್ತಿ, ಸೌದೆ ಮುರಿದ ಹಾಗೆ ಮುರಿದ.

"ಆ ಮನೇದು ಒಂದು ಕಸಕಡ್ಡಿನೂ ಈ ಹೊಸ್ಲು ದಾಟ್ಕೂಡ್ದು."

ತುಂಡುಗಳನ್ನು ಆಯ್ದು ಅಂಟು ಹಾಕಲು ನೋಡಿದೆ. ಹದಿನಾಲ್ಕು ವರ್ಷದ ಹುಡುಗಿಗೆ ಅಷ್ಟೂ ಬುದ್ಧಿ ಇರಲಿಲ್ಲವೇ ಎಂದರೆ, ಇತ್ತು, ಆದರೂ ಅಂಟು ಹಾಕಿದೆ. ಈ ಸುದ್ದಿ ಮಾವನಿಗೆ ಮುಟ್ಟಿತು. ತನ್ನ ತಂಗಿಯ ಮುಖ ಮುರಿದವನ ಮನೆಗೆ ಇನ್ನೊಂದು ಹೋಗಬಾರದೆಂದು ಅವನು ತನ್ನ ಸೀಡಿಯನ್ನು ಟ್ರಂಕಿನಲ್ಲಿಟ್ಟು, ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡ. ಶೋಭಕ್ಕನಿಂದ ಉರಿಯುವ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡ: ನನ್ನ ಕೈಯಾರೆ ಕೊಡಲ್ಲ, ಯಾರ ಕೈಲೂ ಕೊಟ್ಟು ಕಳಿಸಲ್ಲ. ದೀಪದ ಆಣೆ ನಮ್ಮ ಕಡೆ ಹುಡುಗಾಟವಲ್ಲ, ತಪ್ಪಿದರೆ ಮನೆ ಉದ್ಧಾರ ಆಗುವುದಿಲ್ಲ ಎಂದು ಇವತ್ತಿಗೂ ನಂಬುತ್ತಾರೆ. ಮುಗಿಯಿತು ಅಂದುಕೊಂಡೆ. ಎರಡು ದಿನ ಬಿಟ್ಟು ಶೋಭಕ್ಕ ಮತ್ತೆ ಫೋನು ಮಾಡಿದಳು.

"ಆಣೆ ಇಟ್ಟಿರೋದು ಕೈಗೆ ಕಣೆ ಭಾಗ್ಯ, ವೈರ್‌ಗಲ್ಲ."

ಅಂಗಡಿಯ ಹುಡುಗರು ಸಿನಿಮಾ ಇಳಿಸಿಕೊಳ್ಳುವ ಸಾಫ್ಟ್‌ವೇರೊಂದನ್ನು ಅವಳು ನೋಡಿದ್ದಳು. ಅದರಲ್ಲಿ ನಡುವೆ ಅಂಚೆಯವನಿಲ್ಲ, ಬಳೆಗಾರ್ತಿ ಇಲ್ಲ. ಅವಳ ಕಂಪ್ಯೂಟರಿನಿಂದ ನನ್ನ ಕಂಪ್ಯೂಟರಿಗೆ ನೇರವಾಗಿ, ತುಂಡುತುಂಡಾಗಿ ಬರುತ್ತದೆ. ಇಬ್ಬರ ಮೆಷಿನ್ನೂ ಒಂದೇ ಹೊತ್ತಿನಲ್ಲಿ ಚಾಲೂ ಇರಬೇಕು, ಅಷ್ಟೆ. ಹೇಗೆ ಹಾಕಿಕೊಳ್ಳಬೇಕೆಂದು ಅವಳು ಫೋನಿನಲ್ಲಿ ಹೇಳಿದಳು. ನಾನು ಅಜ್ಜಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡೆ. ಮುಖ ಕಂಡಿದ್ದರೆ ಅಜ್ಜಿ ಎಲ್ಲವನ್ನೂ ತುಟಿಯಿಂದಲೇ ಓದಿಬಿಡುತ್ತಿದ್ದಳು. ಸಾಫ್ಟ್‌ವೇರು ಹಾಕಿ ತೆರೆದೆ. ಸೊನ್ನೆ ಪರ್ಸೆಂಟು. ಒಂದು ಗಂಟೆ ಕೂತೆ. ಸೊನ್ನೆ. ಕೆಳಗೆ ಮೂಲೆಯಲ್ಲಿ ಕೆಂಪು ಗುರುತು.

"ನಮ್ ಓನರ್ರು ಇಲ್ಲಿ ಫೈರ್‌ವಾಲ್ ಹಾಕವ್ರೆ. ಪಾಸ್‌ವರ್ಡು ಅವರತ್ರನೇ ಅದೆ, ಕೇಳಂಗಿಲ್ಲ. ನನ್ ಕಡೆಯಿಂದ ಹೊರೀಕ್ ಹೋಗ್ಬೋದು, ಯಾರೂ ಒಳೀಕ್ ಬರಂಗಿಲ್ಲ. ನಿನ್ ಕಡೇನೂ ಅಂಗೇ ಇರ್ಬೇಕು. ಇಬ್ರೂ ಬಾಗ್ಲು ಹಾಕ್ಕಂಡ್ ಕುಂತ್ರೆ ಯಾರ್ ಮನೆಗೆ ಯಾರ್ ಬಂದಾರು? ನೀನಾದ್ರೂ ತೆಗೀಬೇಕು ಕಣೆ."

ಅಲ್ಲಿಂದ ಶುರುವಾಯಿತು ನನ್ನ ವನವಾಸ. ರೂಟರಿಗೂ ಒಂದು ಒಳಮನೆ ಇದೆ, ಬ್ರೌಸರಿನಲ್ಲಿ ಚುಕ್ಕೆಯಿಟ್ಟ ನಾಲ್ಕು ಸಂಖ್ಯೆಗಳ ವಿಳಾಸ ಹೊಡೆದರೆ ಅದು ತೆರೆಯುತ್ತದೆ ಎಂಬುದನ್ನು ಕಂಡುಕೊಳ್ಳಲು ಮೂರು ದಿನ ಹಿಡಿಯಿತು. ಒಳಗೆ ಹೋದರೆ ನೀಲಿ ಬಣ್ಣದ ಪುಟಗಳು, ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಪದಗಳು. ಡಿಕ್ಷನರಿ ನೋಡಿದರೆ ಅರ್ಥ ಇನ್ನೂ ಕೆಡುತ್ತಿತ್ತು. ಪೋರ್ಟು ಅಂದರೆ ಬಂದರು ಎಂದಿತ್ತು. ಶೀಳನೆರೆಗೂ ಬಂದರಿಗೂ ಏನಯ್ಯಾ ಸಂಬಂಧ ಎಂದು ಡಿಕ್ಷನರಿ ಎತ್ತಿ ರಾಗಿ ಮೂಟೆಯ ಮೇಲೆ ಎಸೆದೆ. ಕೊನೆಗೆ ನನಗೆ ತಿಳಿಯುವ ಹಾಗೆ ನಾನೇ ಹೇಳಿಕೊಂಡೆ: ರೂಟರು ಬೀದಿ ಬಾಗಿಲು. ಅದರಲ್ಲಿ ಸಾವಿರಾರು ನಂಬರಿನ ಕಿಂಡಿಗಳಿವೆ, ಎಲ್ಲಕ್ಕೂ ಅಗಳಿ ಹಾಕಿದೆ. ಒಂದು ನಂಬರು ಆರಿಸಿ, ಈ ಕಿಂಡಿಗೆ ಬಂದವರನ್ನು ನಡುಮನೆಯ ಕಂಪ್ಯೂಟರಿನ ಹತ್ತಿರ ಬಿಡು ಎಂದು ಬರೆದಿಡಬೇಕು. ಬರೆದೆ. ಕೆಂಪು. ಕಂಪ್ಯೂಟರು ಆರಿಸಿ ಹಾಕಿದಾಗಲೆಲ್ಲ ಅದರ ಒಳವಿಳಾಸ ಬದಲಾಗುತ್ತಿದೆ, ಬಂದವರು ಖಾಲಿ ಮೂಲೆಗೆ ಹೋಗಿ ನಿಲ್ಲುತ್ತಿದ್ದಾರೆ ಎಂದು ಗೊತ್ತಾಯಿತು. ವಿಳಾಸವನ್ನು ಕದಲದ ಹಾಗೆ ಕಟ್ಟಿಹಾಕಿದೆ. ಮತ್ತೂ ಕೆಂಪು. ಕಂಪ್ಯೂಟರಿನೊಳಗೇ ಇನ್ನೊಂದು ಫೈರ್‌ವಾಲು ಕೂತಿತ್ತು. ಅದಕ್ಕೂ ಅಪ್ಪಣೆ ಬರೆದೆ. ಆಗಲೂ ಕೆಂಪು! ಚಿಕ್ಕಪ್ಪ ಹಾಕಿಸಿದ್ದ ಆಂಟಿವೈರಸ್ಸಿಗೆ ತನ್ನದೇ ಮೂರನೆಯ ಬಾಗಿಲು. ಅದನ್ನು ಸಡಿಲ ಮಾಡಿದ ಸಂಜೆ, ಹನ್ನೊಂದನೆಯ ದಿನ, ಮೂಲೆಯ ಗುರುತು ಹಸಿರಾಯಿತು. ಶೋಭಕ್ಕನ ಕಡೆಯಿಂದ ಮೊದಲ ತುಂಡು ಬಂತು. ಒಂದು ಪರ್ಸೆಂಟು, ಎರಡು. ಅವಳು ಅಂಗಡಿಯಿಂದ ಹೊರಡುವ ಹೊತ್ತಿಗೆ ನಾಲ್ಕು. ನಾನು ಸ್ಕ್ರೀನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಅದರ ಬಿಸಿ ಈಗಲೂ ಅಂಗೈಗೆ ನೆನಪಿದೆ.

ಎರಡು ದಿನ ಹೀಗೆ ಬಂತು. ಮೂರನೆಯ ಸಂಜೆ ಸ್ಕೂಲಿನಿಂದ ಓಡಿ ಬಂದು ನೋಡಿದರೆ ಮತ್ತೆ ಕೆಂಪು. ಒಳಗೆ ಹೋಗಿ ನೋಡಿದರೆ ನಾನು ಬರೆದದ್ದೇ ಇಲ್ಲ. ಪುಟ ಖಾಲಿ! ಸೇವ್ ಮಾಡಲು ಮರೆತೆನೇನೋ ಎಂದು ತಲೆ ಚಚ್ಚಿಕೊಂಡು ಮತ್ತೆ ಬರೆದೆ. ಮೂರು ದಿನ ಬಂತು, ಮತ್ತೆ ಮಾಯ. ಕರೆಂಟು ಹೋಗಿ ಬಂದು ಅಳಿಸುತ್ತಿದೆ ಅಂದುಕೊಂಡೆ. ಮಳೆಯ ಮೇಲೆ, ಲೈನಿನ ಮೇಲೆ, ನನ್ನ ಹಣೆಬರಹದ ಮೇಲೆ ಅನುಮಾನಪಟ್ಟೆ. ಯಾವ ವಾರ ಕೆಡುತ್ತಿದೆ ಎಂದು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ರೂಟರಿನ ಮೇಲೆ ಬೂದಿ ಬಿದ್ದಿರುತ್ತಿತ್ತು, ಅದನ್ನು ಎಷ್ಟೋ ಸಲ ನಾನೇ ಊದಿ ಒರೆಸಿದ್ದೇನೆ. ದೇವರ ಮನೆಯೆಂದ ಮೇಲೆ ಬೂದಿ ಇರದೆ ಇನ್ನೇನಿರುತ್ತದೆ! ಕಡೆಗೆ ನನ್ನ ಅನುಮಾನ ಅಜ್ಜಿಯ ಮೇಲೆ ಹೋಯಿತು. ಗುಡುಗು ಬಂದರೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವವಳು ಅವಳೇ. ಊಟಕ್ಕೆ ಕೂತಾಗ ಎದುರಿಗೆ ಹೋಗಿ ಮುಖ ಕೊಟ್ಟು ಕೇಳಿದೆ.

"ದೇವರ ಮನೆ ಸ್ವಿಚ್ಚು ಆರಿಸ್ತಿದ್ದೀಯಾ ಅಜ್ಜಿ?"

"ನಾನ್ಯಾಕವ್ವ ಅದ್ರ ತಂಟೆಗ್ ಹೋಗ್ಲಿ? ದೇವ್ರಾಣೆಗೂ ಸುಚ್ಚು ಮುಟ್ಟಿಲ್ಲ."

"ಸುಳ್ಳು ಹೇಳ್ಬೇಡ!"

"ಸುಳ್ಳಾ? ನಾನು ನಿನ್ತಾವ ಸುಳ್ಳು ಹೇಳಾನಾ?"

ತಟ್ಟೆ ತಳ್ಳಿ ಎದ್ದೆ. ಆಮೇಲೆ ಅವಳು ಬಡಿಸಿದ ಮುದ್ದೆ ಮುಟ್ಟಲಿಲ್ಲ, ನಾನೇ ಹೋಗಿ ಹಾಕಿಕೊಂಡು ಉಣ್ಣುತ್ತಿದ್ದೆ. ಅವಳಿಗೆ ನೋವು ಮಾಡುವ ಸುಲಭದ ದಾರಿಯೂ ನನಗೆ ಗೊತ್ತಿತ್ತು. ಅವಳ ಎದುರು ಮಾತಾಡುವಾಗ ಮುಖ ಬೇರೆ ಕಡೆ ತಿರುಗಿಸಿದರೆ ಸಾಕು. ಎರಡು ವಾರ ಹಾಗೇ ಮಾಡಿದೆ. ಪಾಪ, ಅವಳು ನನ್ನ ಮುಖದ ಸುತ್ತ ಸುತ್ತಿ, ಬಗ್ಗಿ ನೋಡಿ, "ಏನಂದೆ ಮಗಾ? ಏನಂದೆ?" ಅನ್ನುತ್ತಿದ್ದಳು. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅರವತ್ತೆಂಟು ಪರ್ಸೆಂಟು ಆಗಿದ್ದಾಗ, ಒಂದು ಗುರುವಾರದ ಸಂಜೆ, ಶೋಭಕ್ಕನ ಫೋನು ಬಂತು. ಓನರು ಅಂಗಡಿ ಮುಚ್ಚುತ್ತಿದ್ದಾನೆ, ನಾಳೆ ಮಧ್ಯಾಹ್ನ ಎರಡು ಗಂಟೆಗೆ ಕಂಪ್ಯೂಟರು ಕೊಂಡವರು ಬಂದು ಒಯ್ಯುತ್ತಾರೆ, ಒಳಗಿರುವುದನ್ನೆಲ್ಲ ಅಳಿಸಿಯೇ ಕೊಡುವುದು. ನಾಳೆ ಬೆಳಿಗ್ಗೆ ಬೇಗ ಬಂದು ಹಾಕುತ್ತೇನೆ, ಎರಡು ಗಂಟೆಯೊಳಗೆ ಆಗಬೇಕು, ಆಗದಿದ್ದರೆ ಇಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದರೆ ಮುಟ್ಟಾಗಿದ್ದೆ. ಹೊಟ್ಟೆನೋವೆಂದು ಸ್ಕೂಲು ತಪ್ಪಿಸಿದೆ. ಮುಟ್ಟಾದ ಮೂರು ದಿನ ನಾನು ದೇವರ ಮನೆಯ ಹೊಸಿಲು ತುಳಿಯುವ ಹಾಗಿರಲಿಲ್ಲ, ಏನಾದರೂ ಕೆಟ್ಟರೆ ರೂಟರಿನ ಹತ್ತಿರ ಹೋಗುವುದಕ್ಕೂ ಇಲ್ಲ. ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಚಾಪೆ ಹಾಕಿಕೊಂಡು, ತೆರೆದ ಬಾಗಿಲಿನಿಂದ ದೂರದಲ್ಲಿ ಮಿಣುಗುವ ಹಸಿರು ದೀಪಗಳನ್ನು ನೋಡುತ್ತ ಕೂತೆ. ಒಂಬತ್ತಕ್ಕೆ ಶೋಭಕ್ಕ ಅಂಗಡಿಗೆ ಬಂದು ಮೆಷಿನ್ನು ಹಾಕಿದಳು. ಅರವತ್ತೊಂಬತ್ತು. ಎಪ್ಪತ್ತು. ಎಪ್ಪತ್ತೊಂದು. ಅಜ್ಜಿ ಮಿಂದು ಒದ್ದೆ ಸೀರೆಯಲ್ಲಿ ದೇವರ ಮನೆಗೆ ಹೋದಳು. ಮಂಗಳವಾರ, ಶುಕ್ರವಾರ ಅವಳ ಪೂಜೆಯ ದಿನ. ಆ ಹೊತ್ತಿನಲ್ಲಿ ನಾನು ಯಾವತ್ತೂ ಮನೆಯಲ್ಲಿ ಇದ್ದವಳಲ್ಲ, ಸ್ಕೂಲಿನಲ್ಲಿರುತ್ತಿದ್ದೆ. ಹೂವಿಟ್ಟಳು, ಕುಂಕುಮವಿಟ್ಟಳು, ಮಾದಪ್ಪನಿಗೆ ಕೈಮುಗಿದಳು. ಊದುಬತ್ತಿ ಹಚ್ಚಿ ಮೂರು ಸುತ್ತು ಬೆಳಗಿದಳು. ಆಮೇಲೆ ಕಾಲು ತುದಿಯಲ್ಲಿ ನಿಂತು, ರೂಟರಿನ ಬೆನ್ನಿನಲ್ಲಿ ವೈರುಗಳ ಪಕ್ಕ ಇದ್ದ ಸಣ್ಣ ತೂತಿಗೆ ಊದುಬತ್ತಿಯ ಕಡ್ಡಿಯನ್ನು ಇಟ್ಟು, ಅಲುಗದ ಹಾಗೆ ಒತ್ತಿ ಹಿಡಿದುಕೊಂಡು, ಬಾಯಲ್ಲಿ ಏನೋ ಹೇಳಿಕೊಂಡಳು. ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿ, ಒಟ್ಟಿಗೆ ಹತ್ತಿದವು. ನನ್ನ ಸ್ಕ್ರೀನಿನಲ್ಲಿ ಎಪ್ಪತ್ತೊಂದು ನಿಂತುಹೋಯಿತು. ಕೆಂಪು.

ಆ ತೂತು ಯಾತಕ್ಕೆಂದು ನಾನು ಓದಿದ್ದೆ. ಅದರೊಳಗೊಂದು ಗುಂಡಿಯಿದೆ, ಕಡ್ಡಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ ನಾವು ಬರೆದದ್ದೆಲ್ಲ ಅಳಿಸಿ ರೂಟರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತದೆ. ಸಂಪರ್ಕದ ವಿವರವನ್ನು ಕಾರ್ಖಾನೆಯಲ್ಲೇ ತುಂಬಿ ಕಳಿಸುತ್ತಿದ್ದ ಕಾಲ, ಆದ್ದರಿಂದ ಇಂಟರ್ನೆಟ್ಟು ಮತ್ತೆ ತಾನಾಗಿ ಬರುತ್ತಿತ್ತು. ನನ್ನ ಬಾಗಿಲು ಮಾತ್ರ ಮುಚ್ಚಿರುತ್ತಿತ್ತು. ವಾರಕ್ಕೆ ಎರಡು ಸಲ! ಕೂಗಿದೆ. ಅವಳಿಗೆಲ್ಲಿ ಕೇಳಬೇಕು, ನನಗೆ ಬೆನ್ನು ಹಾಕಿ ನಿಂತಿದ್ದಾಳೆ. ಎದ್ದವಳೇ ಹೊಸಿಲು ದಾಟಿ ಒಳಗೆ ನುಗ್ಗಿ ಉರಿಯುವ ಕಡ್ಡಿಯನ್ನು ಕಿತ್ತೆ. ಬೆರಳು ಸುಟ್ಟಿತು. ಅಜ್ಜಿ ತಿರುಗಿದಳು.

"ಅಯ್ಯೋ ಶಿವ್ನೇ! ಮುಟ್ಟಾದೋಳು ಒಳೀಕ್ ಬಂದ್ಬುಟ್ಯಲ್ಲೇ!"

"ನೀನೇ! ಇಷ್ಟು ದಿನಾನೂ ನೀನೇ ಕಣಜ್ಜಿ!"

"ನಾನೇನ್ ಮಾಡ್ದೆ? ಸುಚ್ಚು ಮುಟ್ಟಿಲ್ಲ ಅಂತ ಆಗ್ಲೇ ಹೇಳ್ನಿಲ್ವಾ? ಕಡ್ಡಿ ಚುಚ್ಚಾಕೆ ಅಂತ ಅವ್ರೇ ತೂತು ಮಡಗವ್ರೆ, ಚುಚ್ದೆ."

ಅವಳ ಎರಡು ಭುಜ ಹಿಡಿದೆ. ಎರಡು ವಾರದ ನಂತರ ಮೊದಲ ಸಲ ಅವಳಿಗೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಅದರಲ್ಲಿ ಅವ್ವ ಬತ್ತಾವ್ಳೆ ಅಜ್ಜಿ. ಶೋಭಕ್ಕ ಕಳಿಸ್ತಾವ್ಳೆ. ಎರಡು ಗಂಟೆಗೆ ಮುಗ್ದೋಗ್ತದೆ. ನೀನು ವಾರವಾರ ಬಾಗ್ಲು ಹಾಕ್ತಿದ್ದೆ."

"ಯಾವ್ ಅವ್ವನೇ?"

"ನನ್ನವ್ವ. ಸುಶೀಲ."

ಆ ಮನೆಯಲ್ಲಿ ಆ ಹೆಸರು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಜ್ಜಿಯ ಕಣ್ಣು ನನ್ನನ್ನು ಬಿಟ್ಟು ನನ್ನ ಹಿಂದಕ್ಕೆ ಹೋಯಿತು. ತಿರುಗಿ ನೋಡಿದರೆ ನಡುಮನೆಯಲ್ಲಿ ಅಪ್ಪ. ಬೆಳಗಿನ ಹಾಲು ಮುಗಿಸಿ ತಿಂಡಿಗೆ ಬಂದಿದ್ದ. ಅವನ ಕಾಲ ಬುಡದಲ್ಲೇ ಹಳದಿ ಕೇಬಲ್ಲು. ಸೀಡಿ ಮುರಿದ ಕೈಗೆ ಕೇಬಲ್ಲು ಯಾವ ಲೆಕ್ಕ? ಓಡಿಬಂದು ಅದರ ಮೇಲೆ ಕೂತುಬಿಟ್ಟೆ.

"ಕಿತ್ತಾಕ್ಬೇಡಪ್ಪ. ನಿನ್ ಕಾಲಿಗ್ ಬೀಳ್ತೀನಿ. ಆಮೇಲೆ ನನ್ನೇನಾದ್ರೂ ಮಾಡು, ಇವತ್ತು ಕಿತ್ತಾಕ್ಬೇಡ."

ಅಪ್ಪ ಕೇಬಲ್ಲನ್ನು ನೋಡಿದ, ಸ್ಕ್ರೀನು ನೋಡಿದ. ತಿಂಡಿಯನ್ನೂ ತಿನ್ನದೆ ಹೊರಗೆ ಹೋಗಿ ಜಗಲಿಯಲ್ಲಿ ಕೂತ. ನಾನು ಮತ್ತೆ ರೂಟರಿನ ಒಳಮನೆಗೆ ಹೋಗಿ, ನಂಬರು, ವಿಳಾಸ ಎಲ್ಲವನ್ನೂ ಹೊಸದಾಗಿ ಬರೆದು, ಸೇವ್ ಒತ್ತಿದೆ. ಎರಡು ಸಲ ತಪ್ಪಿದೆ. ಮೂರನೆಯ ಸಲಕ್ಕೆ ಹಸಿರು. ಎಪ್ಪತ್ತೆರಡು. ಹನ್ನೊಂದು ಗಂಟೆಗೆ ಎಂಬತ್ತೆರಡಾಗಿತ್ತು. ಪರವಾಗಿಲ್ಲ, ಆಗಿಬಿಡುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಕರೆಂಟು ಹೋಯಿತು.

ಆಗ ನಾನು ಅತ್ತ ಹಾಗೆ ಆಮೇಲೆ ಯಾವತ್ತೂ ಅತ್ತಿಲ್ಲ. ಹನ್ನೊಂದಕ್ಕೆ ಹೋದ ಕರೆಂಟು ಮೂರಕ್ಕೆ ಮೊದಲು ಬರುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ, ನಾನೊಬ್ಬಳು ಮರೆತಿದ್ದೆ. ನೆಲಕ್ಕೆ ಹಣೆ ಚಚ್ಚಿಕೊಂಡೆ. ಮಾದಪ್ಪನನ್ನು ಬೈದೆ, ಅಪ್ಪನನ್ನು ಬೈದೆ, ಸತ್ತ ಅವ್ವನನ್ನೂ ಬಿಡಲಿಲ್ಲ. ನಿನಗಾದರೂ ಒಂದು ಸಲ ಬರಬೇಕು ಅನ್ನಿಸುವುದಿಲ್ಲವೇ ಎಂದು ಗೋಡೆಯ ಫೋಟೊಗೆ ಕೇಳಿದೆ. ಹೊರಗೆ ಅಪ್ಪನ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಹೋಗಲಿ, ಅವನಿಗೇನು ಅಂದುಕೊಂಡೆ. ಅರ್ಧ ಗಂಟೆಯಾಗಿರಬಹುದು, ಗಾಡಿ ವಾಪಸು ಬಂತು. ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದಿದ್ದದ್ದು ಡೈರಿಯ ಯುಪಿಎಸ್ಸು, ಅದರ ದೊಡ್ಡ ಬ್ಯಾಟರಿ. ಹಾಲಿನ ಫ್ಯಾಟು ನೋಡುವ ಮೆಷಿನ್ನಿಗೆಂದು ಇಟ್ಟಿದ್ದದ್ದು. ಡೈರಿಯ ರಬ್ಬರ್ ಬ್ಯಾಂಡನ್ನೂ ಮನೆಗೆ ತರದ ಮನುಷ್ಯ ಅದನ್ನು ಎದೆಗವಚಿಕೊಂಡು ಒಳಗೆ ತಂದು, ನನ್ನ ಮುಂದೆ ಇಟ್ಟ. ಬೆವರು ಇಳಿಯುತ್ತಿತ್ತು.

"ಸಾಯಂಕಾಲದ ಹಾಲಿಗ್ ಮುಂಚೆ ವಾಪಸ್ ಮಡಗ್ಬೇಕು."

ಅಷ್ಟೇ ಹೇಳಿದ. ರೂಟರಿಗೆ ವೈರು ಎಳೆಯಲು ದೇವರ ಮನೆಯ ಒಳಗೆ ತಾನೇ ಹೋದ. ಎರಡೂ ಚಾಲೂ ಆದವು. ನಾನು ಬರೆದದ್ದು ಅಳಿಸಿಹೋಗಿರಲಿಲ್ಲ. ಕರೆಂಟು ಹೋದರೂ ಬಂದರೂ ಅದು ಅಳಿಸುವುದಿಲ್ಲ ಎಂದು, ಅಜ್ಜಿಯನ್ನು ಸುಳ್ಳಿ ಅಂದು ಎರಡು ವಾರ ಗೋಳುಹೊಯ್ದುಕೊಂಡ ಮೇಲೆ, ಆವತ್ತು ತಿಳಿಯಿತು. ಎಂಬತ್ತಮೂರು. ತೊಂಬತ್ತು. ತೊಂಬತ್ತೇಳರಲ್ಲಿ ಬಹಳ ಹೊತ್ತು ನಿಂತಿತು. ಒಂದೂ ಐವತ್ತಕ್ಕೆ ನೂರಾಯಿತು.

ತೆರೆದೆ. ಹೂವಿನ ಚೌಕಟ್ಟು ತಿರುಗುತ್ತ ಬಂತು, ಅದರೊಳಗಿನಿಂದ ಹಸಿರು ಸೀರೆಯ, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಾದ ಒಬ್ಬ ಹುಡುಗಿ. ಫೋಟೊದಲ್ಲಿದ್ದವಳ ಹಾಗೆ ಇರಲೇ ಇಲ್ಲ. ಮುಂದಿನ ಹಲ್ಲು ಸ್ವಲ್ಪ ಉಬ್ಬು, ನನ್ನ ಹಾಗೇ. ಯಾರೋ ಬಳೆ ತೊಡಿಸುತ್ತಿದ್ದಾರೆ. ಅವಳು ತಲೆಯೆತ್ತಿ ಏನೋ ಹೇಳಿ ನಕ್ಕಳು. ಸ್ಪೀಕರಿನಿಂದ ಬಂದದ್ದು ಸಿನಿಮಾ ಹಾಡು. ವಾಲ್ಯೂಮು ಜಾಸ್ತಿ ಮಾಡಿದೆ. ಹಾಡು ಜೋರಾಯಿತು. ಮುಂದಕ್ಕೆ ಓಡಿಸಿದೆ, ಇನ್ನೊಂದು ಹಾಡು. ಮತ್ತೂ ಮುಂದಕ್ಕೆ, ಮತ್ತೊಂದು. ಮೊದಲಿನಿಂದ ಕೊನೆಯವರೆಗೆ ಅವಳು ಬಾಯಿ ಆಡಿಸುತ್ತಲೇ ಇದ್ದಾಳೆ, ಒಂದು ಮಾತೂ ಇಲ್ಲ. ಶೋಭಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಅವ್ವನ ದನಿ ಎಲ್ಲಿ?"

"ಆಗೆಲ್ಲ ಅಂಗೇ ಕಣೆ. ವಿಡಿಯೊದೋರು ಮಾತು ತೆಗ್ದು ಹಾಡು ತುಂಬೋರು. ನಂಗ್ ಗೊತ್ತಿತ್ತು. ಹೇಳಿದ್ರೆ ನೀನು ಇಷ್ಟೆಲ್ಲ ಮಾಡ್ತಿರ್ಲಿಲ್ಲ." ಹಿಂದೆ ಯಾರೋ ಅವಳನ್ನು ಕರೆದರು. "ಬಂದವ್ರೆ. ಅಳಿಸ್ತಾವ್ರೆ. ಮಡಗ್ತೀನಿ ಭಾಗ್ಯ."

ಫೋನು ಇಟ್ಟು ಕಂಪ್ಯೂಟರಿನ ಮುಂದೆ ಕುಸಿದೆ. ಅಜ್ಜಿ ಅಷ್ಟು ಹೊತ್ತೂ ನಾನು ತುಳಿದ ದೇವರ ಮನೆಯನ್ನು ತೊಳೆದು ಗಂಜಲ ಚಿಮುಕಿಸುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು.

"ಯಾಕಮ್ಮಿ ಇಂಗ್ ಕುಂತಿದ್ದೀಯ? ಬರ್ನಿಲ್ವಾ ಅವ್ಳು?"

"ಬಂದವ್ಳೆ. ಮಾತಿಲ್ಲ. ಬರೀ ಹಾಡು."

"ನಂಗ್ಯಾವ್ ಹಾಡೂ ಕೇಳಾಕಿಲ್ಲ. ಒಸಿ ಜರುಗು."

ಪಕ್ಕದಲ್ಲೇ ಕೂತಳು. ಯಾರೂ ನನ್ನನ್ನು ಮುಟ್ಟಬಾರದ ದಿನ, ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಕಣ್ಣು ಕಿರಿದು ಮಾಡಿಕೊಂಡು ಸ್ಕ್ರೀನಿಗೆ ಮುಖ ಹತ್ತಿರ ಒಯ್ದಳು. ಅವ್ವ ಬಾಯಿ ಆಡಿಸಿದಳು. ಅಜ್ಜಿ ತನ್ನ ಎಂದಿನ ಜೋರು ದನಿಯಲ್ಲಿ ಹೇಳಿದಳು.

"'ಬಳೆ ಬಿಗಿ ಆಯ್ತಕ್ಕ, ಒಸಿ ಸೋಪಾಕು' ಅಂತಾವ್ಳೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ತೋಳು ಹಿಡಿದುಕೊಂಡೆ.

"ಈಗ? ಈಗೇನಂತಾವ್ಳೆ ಅಜ್ಜಿ?"

"'ಆ ಲೈಟು ಅತ್ಲಾಗ್ ಹಿಡಿಯಪ್ಪ, ಕಣ್ಗೆ ಒಡೀತದೆ.' ನೋಡು, ಕ್ಯಾಮ್ರಾದೋನಿಗೇ ಬಯ್ತಾವ್ಳೆ, ಗಟ್ಟಿಗಿತ್ತಿ." ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಸ್ಕ್ರೀನಿನಲ್ಲಿ ಅವ್ವ ಹೊಟ್ಟೆಯ ಮೇಲೆ ಕೈಯಿಟ್ಟು ಪಕ್ಕದವಳಿಗೆ ಏನೋ ಹೇಳಿದಳು. ಅಜ್ಜಿ ನನ್ನ ತೊಡೆಗೆ ಹೊಡೆದಳು. "ನಿನ್ನನ್ನೇ ಕಣೇ! 'ಬೆಳಗ್ನಿಂದ ಒಂದೇ ಸಮ ಒದೀತಾದೆ, ಸುಮ್ಕಿರೋ ಮಗ ಅಲ್ಲ ಇದು' ಅಂತಾವ್ಳೆ."

ಹಾಡು ಒಂದು ಕಡೆ ಹೋಗುತ್ತಿತ್ತು, ಅಜ್ಜಿ ಒಂದು ಕಡೆ. ನಾನು ಹಾಡನ್ನು ಆರಿಸಿಬಿಟ್ಟೆ. ಅವ್ವ ಈಗ ಯಾರನ್ನೋ ಕೈಸನ್ನೆ ಮಾಡಿ ಕರೆದಳು. ಚೌಕಟ್ಟಿನೊಳಗೆ ಮೀಸೆಯ ಗಂಡಸೊಬ್ಬ ಬಗ್ಗಿದ. ಮಾವ ಇರಬೇಕು. ಅವಳು ಅವನ ಕಿವಿಯ ಹತ್ತಿರ ಮೆಲ್ಲಗೆ ಆಡಿದ್ದನ್ನು ಅಜ್ಜಿ ಇಡೀ ಬೀದಿಗೆ ಕೇಳುವಂತೆ ಹೇಳಿದಳು.

"'ಅಣ್ಣ, ಅವ್ರು ಉಂಡ್ರಾ ನೋಡು. ಕೇಳುದ್ರೆ ಬ್ಯಾಡ ಅಂತಾರೆ. ನೀ ಕೇಳಾಕ್ ಹೋಗ್ಬ್ಯಾಡ, ಸುಮ್ಕೆ ಬಡ್ಸು.'"

ಹಿಂದೆ ಬಾಗಿಲ ಹತ್ತಿರ ಸದ್ದಾಯಿತು. ಅಪ್ಪ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ ಗೊತ್ತಿಲ್ಲ. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಭಾವ ಕೇಳ್ದೇನೇ ಬಡ್ಸಿದ್ದ ಅವತ್ತು," ಅಂದ. ಅವನು ಮಾವನನ್ನು ಹಾಗೆ ಕರೆದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಆವತ್ತೇ. ಮುಖ ಒರೆಸಿಕೊಂಡು ಬಂದು ನಮ್ಮ ಹಿಂದೆ ನೆಲದ ಮೇಲೆ ಕೂತ. ಅಜ್ಜಿಯ ಭುಜ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡು, ಮುಖ ಕೊಟ್ಟು ಹೇಳಿದ.

"ಮೊದ್ಲಿಂದ ಹೇಳವ್ವ."

ಡೈರಿಯ ಯುಪಿಎಸ್ಸು ಆವತ್ತು ಸಂಜೆಯ ಹಾಲಿಗೆ ಮುಂಚೆ ವಾಪಸು ಹೋಯಿತು. ಅಜ್ಜಿಗೆ ಊದುಬತ್ತಿ ಸಿಕ್ಕಿಸಲು ಬಾಳೆಹಣ್ಣು ಕೊಟ್ಟೆ, ರೂಟರಿನ ತೂತಿಗೆ ಅಂಟುಪಟ್ಟಿ ಹಚ್ಚಿದೆ. ಈಗ ಪಾಂಡವಪುರದಲ್ಲಿ ಹುಡುಗರಿಗೆ ಇದೇ ರೂಟರು, ಇದೇ ಫೈರ್‌ವಾಲಿನ ಪಾಠ ಹೇಳುತ್ತೇನೆ. ಕೆಟ್ಟರೆ ಮೊದಲು ಯಾವ ವಾರ ಕೆಟ್ಟಿತು ಬರೆದಿಡಿ ಎನ್ನುತ್ತೇನೆ, ಅವರು ನಗುತ್ತಾರೆ. ಅಜ್ಜಿಯೂ ಹೋಗಿ ಎಷ್ಟೋ ವರ್ಷವಾಯಿತು. ಅವ್ವನ ದನಿ ನಿಜವಾಗಿ ಹೇಗಿತ್ತೋ ನನಗೆ ಇವತ್ತಿಗೂ ತಿಳಿಯದು. ಒಬ್ಬಳೇ ಇರುವಾಗ ಕೆಲವೊಮ್ಮೆ ಅವಳು ಮಾತಾಡುವುದು ಕೇಳಿಸುತ್ತದೆ. ಹಲ್ಲಿಲ್ಲದ ಬಾಯಲ್ಲಿ, ಕೆರೆ ಏರಿಯವರೆಗೆ ಹೋಗುವಷ್ಟು ಜೋರಾಗಿ ಮಾತಾಡುತ್ತಾಳೆ.